ಮೆಥನಾಲ್ ಉತ್ಪಾದನೆ ಇಳಿದರೆ ಏನನ್ನು, ಯಾವ ಕ್ರಮದಲ್ಲಿ ನೋಡಬೇಕು

ಕ್ರೂಡ್ ಮೆಥನಾಲ್ (ಇನ್ನೂ ಶುದ್ಧ ಮಾಡದ, ನೀರು ಬೆರೆತ ಮೆಥನಾಲ್) ಫ್ಲೋ ಇಳಿಯತೊಡಗಿದರೆ ಕಂಟ್ರೋಲ್ ರೂಮಿನಲ್ಲಿ ಮೊದಲು ಕೇಳಿಬರುವ ಮಾತು: "ಕ್ಯಾಟಲಿಸ್ಟ್ ಮುಗೀತು." ಅದರ ಬೆನ್ನಿಗೇ ಬರುವ ಮಾತು: "ಡ್ರಮ್ ಪ್ರೆಶರ್ ಸ್ವಲ್ಪ ಏರಿಸಿ." ಎರಡನ್ನೂ ಕುರ್ಚಿ ಬಿಟ್ಟು ಏಳದೆ ಹೇಳಬಹುದು, ಅಲ್ವಾ? ಆದರೆ ತಾಮ್ರದ ಕ್ಯಾಟಲಿಸ್ಟ್ (ಅನಿಲವನ್ನು ಮೆಥನಾಲ್ ಆಗಿಸುವ ವೇಗವರ್ಧಕ) ಒಮ್ಮೆ ಕಂಡ ಬಿಸಿಯನ್ನು ಮರೆಯುವುದಿಲ್ಲ. ದೋಷ ಬೇರೆಲ್ಲೋ ಇರುವಾಗ ಡ್ರಮ್ ಪ್ರೆಶರ್, ಅದರ ಜೊತೆಗೆ ರಿಯಾಕ್ಟರ್ ತಾಪಮಾನ ಏರಿಸಿದರೆ ನಾಲ್ಕು ದಿನ ಉತ್ಪಾದನೆ ಸರಿಹೋದಂತೆ ಕಾಣುತ್ತದೆ. ಆಮೇಲೆ ಮೂಲ ದೋಷವೂ ಉಳಿದಿರುತ್ತದೆ, ಕ್ಯಾಟಲಿಸ್ಟ್‌ನ ಆಯುಸ್ಸೂ ಕಡಿಮೆಯಾಗಿರುತ್ತದೆ. ಹಾಗಾಗಿ ಇಲ್ಲಿ ಕ್ಯಾಟಲಿಸ್ಟ್‌ನ ಸರದಿ ಕೊನೆಗೆ ಬರುತ್ತದೆ.

ಇಲ್ಲಿ ಹೇಳುವುದು ನೈಸರ್ಗಿಕ ಅನಿಲದಿಂದ ನಡೆಯುವ ಪ್ಲಾಂಟ್‌ಗೆ, ಅದರಲ್ಲೂ ಲುರ್ಗಿ ಮಾದರಿಯ ರಿಯಾಕ್ಟರ್‌ಗೆ. ಸಾವಿರಾರು ಟ್ಯೂಬ್‌ಗಳ ಒಳಗೆ ಕ್ಯಾಟಲಿಸ್ಟ್ ಮಾತ್ರೆಗಳು, ಟ್ಯೂಬ್‌ಗಳ ಸುತ್ತ ಕುದಿಯುವ ನೀರು, ಮೇಲೆ ಸ್ಟೀಮ್ ಡ್ರಮ್. ನಡುನಡುವೆ ತಣ್ಣನೆಯ ಅನಿಲ ಬಿಡುವ ಕ್ವೆಂಚ್ ರಿಯಾಕ್ಟರ್‌ಗೂ ಇದರಲ್ಲಿ ಬಹುಪಾಲು ಹೊಂದುತ್ತದೆ.

ಈ ಕ್ಯಾಟಲಿಸ್ಟ್ ಎಷ್ಟು ಸೂಕ್ಷ್ಮ ಅನ್ನುವುದಕ್ಕೆ ಸ್ವಲ್ಪ ಇತಿಹಾಸ. 1923ರಲ್ಲಿ ಜರ್ಮನಿಯ ಲಾಯ್ನಾದಲ್ಲಿ ಬಿಎಎಸ್‌ಎಫ್ ಕಂಪನಿ ಮೆಥನಾಲ್ ತಯಾರಿಸಲು ಶುರು ಮಾಡಿದಾಗ ಬಳಸಿದ್ದು ಸತು ಮತ್ತು ಕ್ರೋಮಿಯಂ ಆಕ್ಸೈಡ್. ಅದಕ್ಕೆ 300 ಬಾರ್ ಆಸುಪಾಸಿನ ಪ್ರೆಶರ್, 300ರಿಂದ 400 ಡಿಗ್ರಿ ತಾಪಮಾನ ಬೇಕಿತ್ತು. ತಾಮ್ರ ಇದಕ್ಕಿಂತ ಚುರುಕು ಅಂತ ಆಗಲೇ ಗೊತ್ತಿತ್ತು. ಆದರೆ ಕಲ್ಲಿದ್ದಲಿನ ಅನಿಲದಲ್ಲಿದ್ದ ಗಂಧಕ ಅದನ್ನು ಬಾಳಗೊಡುತ್ತಿರಲಿಲ್ಲ. 1966ರಲ್ಲಿ ಇಂಗ್ಲೆಂಡಿನ ಬಿಲ್ಲಿಂಗ್‌ಹ್ಯಾಮ್‌ನಲ್ಲಿ ಐಸಿಐ ಕಂಪನಿ ಶುದ್ಧ ಅನಿಲ ಇಟ್ಟುಕೊಂಡು ತಾಮ್ರ, ಸತು, ಅಲ್ಯೂಮಿನಾ ಸೇರಿದ ಕ್ಯಾಟಲಿಸ್ಟ್ ಓಡಿಸಿತು. ಆಗ 50 ಬಾರ್, 250 ಡಿಗ್ರಿ ಸುತ್ತಮುತ್ತ ಕೆಲಸ ನಡೆಯಿತು. ಇವತ್ತಿನ ಪ್ಲಾಂಟ್‌ಗಳೆಲ್ಲ ಅದೇ ದಾರಿಯವು. ಶುದ್ಧ ಅನಿಲ, ಹದವಾದ ತಾಪಮಾನ: ಇವೆರಡರಲ್ಲಿ ಯಾವುದು ತಪ್ಪಿದರೂ ತಾಮ್ರ ತಡೆಯುವುದಿಲ್ಲ.

ಮೊದಲು: ಉತ್ಪಾದನೆ ನಿಜಕ್ಕೂ ಇಳಿದಿದೆಯಾ?

ಕ್ರೂಡ್ ಮೀಟರ್ ಒಂದನ್ನೇ ನಂಬಬೇಡಿ. ಟ್ಯಾಂಕ್ ಡಿಪ್ (ಟ್ಯಾಂಕ್‌ನ ದ್ರವಮಟ್ಟದ ಅಳತೆ) ತೆಗೆದು 24 ಗಂಟೆಯ ಲೆಕ್ಕ ಹಾಕಿ. ಲ್ಯಾಬ್‌ನಿಂದ ಕ್ರೂಡ್‌ನಲ್ಲಿರುವ ನೀರಿನ ಪ್ರಮಾಣ ತರಿಸಿ. ಫ್ಲೋ ಅಷ್ಟೇ ಇದ್ದು ನೀರು ಜಾಸ್ತಿಯಾಗಿದ್ದರೆ ಮೆಥನಾಲ್ ಕಡಿಮೆಯಾಗಿದೆ ಅಂತಲೇ ಅರ್ಥ.

ಆಮೇಲೆ ಕಾರ್ಬನ್ ಲೆಕ್ಕ. ಮೇಕಪ್ ಗ್ಯಾಸ್‌ನಲ್ಲಿ (ಹೊಸದಾಗಿ ಸೇರುವ ಅನಿಲ) ಒಳಬಂದ ಕಾರ್ಬನ್ ಎಲ್ಲವೂ ಕ್ರೂಡ್, ಪರ್ಜ್ (ರಿಯಾಕ್ಟರ್ ಮೂಲಕ ಅನಿಲ ಸುತ್ತುವ ಲೂಪ್‌ನಿಂದ ಹೊರಬಿಡುವ ಭಾಗ) ಮತ್ತು ಫ್ಲ್ಯಾಶ್ ಗ್ಯಾಸ್ (ಕ್ರೂಡ್‌ನ ಪ್ರೆಶರ್ ಇಳಿಸಿದಾಗ ಬಿಟ್ಟುಬರುವ ಅನಿಲ) ಮೂಲಕ ಹೊರಬರಲೇಬೇಕು. ಶೇ. 2-3ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ರಿಯಾಕ್ಟರ್ ವಿಷಯ ಪಕ್ಕಕ್ಕಿಡಿ, ಮೀಟರ್‌ಗಳನ್ನು ಸರಿ ಮಾಡಿ. ಲೆಕ್ಕ ಕೂಡದ ಅಂಕಿಗಳಿಂದ ಕ್ಯಾಟಲಿಸ್ಟ್‌ನ ಜಾತಕ ಬರೆಯಲಾಗದು.

ಡ್ರಮ್ ಪ್ರೆಶರ್ ಸುಳ್ಳು ಹೇಳಿದರೆ

ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ. ಇದು ಸಿಕ್ಕುವುದು ಕಷ್ಟ, ಸಿಕ್ಕರೆ ಸರಿ ಮಾಡುವುದು ಸುಲಭ.

ಈ ರಿಯಾಕ್ಟರ್‌ನಲ್ಲಿ ಬೆಡ್ (ಕ್ಯಾಟಲಿಸ್ಟ್ ತುಂಬಿದ ಭಾಗ) ತಾಪಮಾನವನ್ನು ನೇರವಾಗಿ ಹಿಡಿಯುವ ವಾಲ್ವ್ ಇಲ್ಲ. ಕುಕ್ಕರ್‌ನ ಹಾಗೆ, ಪ್ರೆಶರ್ ಎಷ್ಟೋ ನೀರಿನ ಕುದಿಬಿಂದು ಅಷ್ಟು. ಸ್ಟೀಮ್ ಟೇಬಲ್ ಪ್ರಕಾರ 25 ಬಾರ್ ಅಬ್ಸಲ್ಯೂಟ್‌ನಲ್ಲಿ (ಹೊರಗಾಳಿಯ ಒತ್ತಡವೂ ಸೇರಿದ ಅಳತೆ; ಗೇಜ್ ಅಳತೆಯಲ್ಲಿ ಅದು ಸೇರಿರುವುದಿಲ್ಲ) 224 ಡಿಗ್ರಿ, 30 ಬಾರ್‌ನಲ್ಲಿ 234, 40 ಬಾರ್‌ನಲ್ಲಿ 250. ಅಂದರೆ 30ರ ಆಸುಪಾಸಿನಲ್ಲಿ ಒಂದು ಬಾರ್ ತಪ್ಪಿದರೆ ಸುಮಾರು 2 ಡಿಗ್ರಿ ತಪ್ಪುತ್ತದೆ.

ನನಗೆ ಗೊತ್ತಿರುವ ಒಂದು ಪ್ಲಾಂಟ್‌ನಲ್ಲಿ ಶಟ್‌ಡೌನ್ ಮುಗಿದು ಸ್ಟಾರ್ಟ್ ಆದ ಮೇಲೆ ಉತ್ಪಾದನೆ ಮೊದಲಿನ ಮಟ್ಟಕ್ಕೆ ಏರಲೇ ಇಲ್ಲ. ಸ್ಟಾರ್ಟಪ್‌ನಲ್ಲಿ ಕ್ಯಾಟಲಿಸ್ಟ್‌ಗೆ ಪೆಟ್ಟು ಬಿದ್ದಿದೆ ಅಂತ ಎಲ್ಲರೂ ತೀರ್ಮಾನಿಸಿದ್ದರು. ಡ್ರಮ್ ಪ್ರೆಶರ್ ಸ್ಕ್ರೀನ್‌ನಲ್ಲಿ 29 ಬಾರ್ ಗೇಜ್, ಅಂದರೆ 30 ಅಬ್ಸಲ್ಯೂಟ್. ಸ್ಯಾಚುರೇಶನ್ ತಾಪಮಾನ, ಅಂದರೆ ಕುದಿಬಿಂದು, 234 ಇರಬೇಕು. ಆದರೆ ಡ್ರಮ್‌ನಿಂದ ಹೊರಡುವ ಸ್ಟೀಮ್ ಲೈನ್‌ನ ಥರ್ಮೋಕಪಲ್ (ತಾಪಮಾನ ಅಳೆಯುವ ಸಾಧನ) 231.5 ತೋರಿಸುತ್ತಿತ್ತು. ಡೌನ್‌ಕಮರ್‌ನಲ್ಲಿದ್ದ (ಡ್ರಮ್‌ನಿಂದ ನೀರು ಕೆಳಗಿಳಿಯುವ ಪೈಪ್) ಇನ್ನೊಂದೂ ಹೆಚ್ಚುಕಡಿಮೆ ಅಷ್ಟೇ. ಒಂದು ಥರ್ಮೋಕಪಲ್ ಎರಡು ಡಿಗ್ರಿ ತಪ್ಪು ತೋರಿಸುವುದು ದೊಡ್ಡ ಸುದ್ದಿಯಲ್ಲ. ಎರಡೂ ಒಂದೇ ಮಾತು ಹೇಳಿದರೆ ಕಿವಿಗೊಡಬೇಕು.

ಪ್ರೆಶರ್ ಅಳೆದು ಸ್ಕ್ರೀನ್‌ಗೆ ಕಳಿಸುವ ಟ್ರಾನ್ಸ್‌ಮಿಟರ್ ಡ್ರಮ್‌ಗಿಂತ 12 ಮೀಟರ್ ಕೆಳಗೆ ಕೂತಿತ್ತು. ಅದನ್ನು ಡ್ರಮ್‌ಗೆ ಜೋಡಿಸುವ ಇಂಪಲ್ಸ್ ಲೈನ್ ತುಂಬ ನೀರು. ಆ ನೀರಿನ ಕಂಬವೇ ಸುಮಾರು 1.2 ಬಾರ್ ಪ್ರೆಶರ್ ಸೇರಿಸುತ್ತದೆ. ಅದನ್ನು ಕಳೆದು ತೋರಿಸುವಂತೆ ಝೀರೋ ಹೊಂದಿಸಿರುತ್ತಾರೆ. ಶಟ್‌ಡೌನ್‌ನಲ್ಲಿ ಟ್ರಾನ್ಸ್‌ಮಿಟರ್ ಬಿಚ್ಚಿ ವರ್ಕ್‌ಶಾಪ್ ಬೆಂಚ್ ಮೇಲೆ ಕ್ಯಾಲಿಬ್ರೇಟ್ ಮಾಡಿದವರು ಆ ತಿದ್ದುಪಡಿಯನ್ನು ವಾಪಸ್ ಹಾಕಿರಲಿಲ್ಲ. ಸ್ಕ್ರೀನ್‌ನಲ್ಲಿ 29, ಡ್ರಮ್‌ನಲ್ಲಿ 27.8. ಬೆಡ್ ಪೂರ್ತಿ 2 ಡಿಗ್ರಿಗಿಂತ ಹೆಚ್ಚು ತಣ್ಣಗೆ ಓಡುತ್ತಿತ್ತು. ಝೀರೋ ತಿದ್ದಿದ ಮೇಲೆ ಕ್ಯಾಟಲಿಸ್ಟ್ "ಹುಷಾರಾಯಿತು"!

ಆದ್ದರಿಂದ ಪ್ರತಿ ಸ್ಟಾರ್ಟಪ್ ನಂತರ ಡ್ರಮ್ ಪ್ರೆಶರನ್ನು ಸ್ಟೀಮ್ ಟೇಬಲ್ ಮೂಲಕ ತಾಪಮಾನಕ್ಕೆ ತಿರುಗಿಸಿ, ಥರ್ಮೋಕಪಲ್‌ ಜೊತೆ ಹೋಲಿಸಿ ನೋಡಿ. ಗೇಜ್ ಮತ್ತು ಅಬ್ಸಲ್ಯೂಟ್ ನಡುವಿನ ಒಂದು ಬಾರ್ ಮರೆಯಬೇಡಿ. ಆ ಒಂದೇ ಬಾರ್‌ಗಾಗಿ ಗಂಟೆಗಟ್ಟಲೆ ವಾದ ನಡೆಯುವುದುಂಟು.

ಅನಿಲದ ಸಂಯೋಜನೆ

ಬೆಡ್‌ನಲ್ಲಿ ಮುಖ್ಯವಾಗಿ ನಡೆಯುವುದು ಎರಡು. ಕಾರ್ಬನ್ ಮಾನಾಕ್ಸೈಡ್‌ನ ಒಂದು ಅಣು ಎರಡು ಹೈಡ್ರೋಜನ್ ಜೊತೆ ಸೇರಿ ಮೆಥನಾಲ್ ಆಗುವುದು. ಇದರಲ್ಲಿ ಮೋಲ್‌ಗೆ ಸುಮಾರು 91 ಕಿಲೋಜೂಲ್ ಶಾಖ ಹೊರಬರುತ್ತದೆ. ಕಾರ್ಬನ್ ಡೈಆಕ್ಸೈಡ್ ಮೂರು ಹೈಡ್ರೋಜನ್ ತೆಗೆದುಕೊಂಡು ಮೆಥನಾಲ್ ಮತ್ತು ನೀರು ಆಗುವುದು. ಇಲ್ಲಿ ಶಾಖ ಸುಮಾರು 49 ಕಿಲೋಜೂಲ್. ಇವನ್ನು ಒಟ್ಟಿಗೆ ಹಿಡಿಯುವ ಅಳತೆ ಮಾಡ್ಯೂಲ್: ಹೈಡ್ರೋಜನ್‌ನಿಂದ ಡೈಆಕ್ಸೈಡ್ ಕಳೆದು, ಮಾನಾಕ್ಸೈಡ್ ಮತ್ತು ಡೈಆಕ್ಸೈಡ್ ಮೊತ್ತದಿಂದ ಭಾಗಿಸಿ. ಉತ್ತರ 2ಕ್ಕಿಂತ ಒಂದು ಕೂದಲು ಮೇಲಿರಬೇಕು.

ಬರೀ ಸ್ಟೀಮ್ ರಿಫಾರ್ಮಿಂಗ್ ಮಾಡಿದ (ನೈಸರ್ಗಿಕ ಅನಿಲವನ್ನು ಹಬೆ ಜೊತೆ ಕಾಯಿಸಿ ಒಡೆದ) ಅನಿಲದಲ್ಲಿ ಹೈಡ್ರೋಜನ್ ಶೇ. 73, ಮಾನಾಕ್ಸೈಡ್ 15, ಡೈಆಕ್ಸೈಡ್ 8, ಮೀಥೇನ್ 4 ಇದೆ ಅಂದುಕೊಳ್ಳಿ. 65ನ್ನು 23ರಿಂದ ಭಾಗಿಸಿದರೆ 2.8. ಅಂದರೆ ಹೈಡ್ರೋಜನ್ ತುಂಬಾ ಹೆಚ್ಚು. ಅಂಥ ಪ್ಲಾಂಟ್‌ನ ಸಹಜ ಸ್ಥಿತಿಯೇ ಅದು, ಗಾಬರಿ ಬೇಡ. ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ಬದಲಾಗಿದೆ ಅನ್ನುವುದನ್ನು ನೋಡಿ. ಆಕ್ಸಿಜನ್ ಬಳಸುವ ಪ್ಲಾಂಟ್‌ನಲ್ಲಿ ಮಾಡ್ಯೂಲ್ 2ಕ್ಕಿಂತ ಕೆಳಗಿಳಿದರೆ ಲೂಪ್‌ನಲ್ಲಿ ಹೈಡ್ರೋಜನ್ ಬರಗಾಲ, ಉಪ ಉತ್ಪನ್ನಗಳೂ ಏರುತ್ತವೆ. ಪರ್ಜ್‌ನಿಂದ ಹೈಡ್ರೋಜನ್ ವಾಪಸ್ ತರುವ ಮೆಂಬ್ರೇನ್ ಅಥವಾ ಪಿಎಸ್‌ಎ (ಪ್ರೆಶರ್ ಏರಿಳಿಸಿ ಅನಿಲ ಬೇರ್ಪಡಿಸುವ ಘಟಕ) ಸರಿಯಾಗಿ ಓಡುತ್ತಿದೆಯಾ ನೋಡಿ.

ಕಾರ್ಬನ್ ಡೈಆಕ್ಸೈಡ್ ಇದ್ದರೆ ನೀರು ಜಾಸ್ತಿ ಅಂತ ಅದನ್ನು ಪೂರ್ತಿ ತೆಗೆದುಹಾಕುವ ಆಸೆ ಕೆಲವರಿಗಿರುತ್ತದೆ. ಬೇಡ. 1980ರ ದಶಕದಲ್ಲಿ ಐಸಿಐ ವಿಜ್ಞಾನಿಗಳು ಕಾರ್ಬನ್-14 ಗುರುತು ಹಾಕಿ ನಡೆಸಿದ ಪ್ರಯೋಗಗಳಲ್ಲಿ, ಈ ಕ್ಯಾಟಲಿಸ್ಟ್ ಮೇಲೆ ಮೆಥನಾಲ್‌ನ ಕಾರ್ಬನ್ ಬಹುಪಾಲು ಡೈಆಕ್ಸೈಡ್‌ನಿಂದಲೇ ಬರುತ್ತದೆ ಅಂತ ಕಂಡಿತು. ಅದು ಕೆಲವು ಶೇಕಡಾ ಇರಲೇಬೇಕು, ಇಲ್ಲದಿದ್ದರೆ ಬೆಡ್ ಮಂಕಾಗುತ್ತದೆ. ಅತಿಯಾದರೂ ಕಷ್ಟ: ಹುಟ್ಟುವ ನೀರು ತಾಮ್ರದ ಕಣಗಳು ಬೇಗ ದಪ್ಪವಾಗಲು ಕಾರಣವಾಗುತ್ತದೆ.

ಇನ್ನು ಇನರ್ಟ್. ಮೀಥೇನ್, ನೈಟ್ರೋಜನ್, ಆರ್ಗಾನ್ ರಿಯಾಕ್ಟ್ ಆಗುವುದಿಲ್ಲ, ಲೂಪ್‌ನಲ್ಲಿ ಸುತ್ತುತ್ತಲೇ ಇರುತ್ತವೆ. ಗಂಟೆಗೆ 1000 ಕಿಲೋಮೋಲ್ ಮೇಕಪ್, ಅದರಲ್ಲಿ ಶೇ. 2 ಇನರ್ಟ್ ಅಂದರೆ 20 ಕಿಲೋಮೋಲ್ ಒಳಬರುತ್ತದೆ. ಪರ್ಜ್ 100 ಕಿಲೋಮೋಲ್ ಇದ್ದರೆ ಅದರಲ್ಲಿ ಶೇ. 20 ಇನರ್ಟ್ ಇರಬೇಕು. ಪರ್ಜ್ 80ಕ್ಕೆ ಇಳಿಸಿದರೆ ಶೇ. 25. ಅನಿಲ ಉಳಿಸಲು ರಾತ್ರಿ ಪಾಳಿಯಲ್ಲಿ ಯಾರೋ ಪರ್ಜ್ ಸ್ವಲ್ಪ ಹಿಂಡಿರುತ್ತಾರೆ. ಲೂಪ್ ಪ್ರೆಶರ್ ಅಷ್ಟೇ ಇರುತ್ತದೆ, ಅದರೊಳಗೆ ಕೆಲಸ ಮಾಡುವ ಅನಿಲ ಕಡಿಮೆಯಾಗಿರುತ್ತದೆ. ಹಳೆಯ ದಿನಗಳ ಇನರ್ಟ್ ಅಂಕಿ ತೆಗೆದು ಪಕ್ಕದಲ್ಲಿಟ್ಟು ನೋಡಿ.

ಹಗಲು ಒಂದು, ರಾತ್ರಿ ಒಂದು

ಕ್ಯಾಟಲಿಸ್ಟ್‌ಗೆ ಹಗಲು ರಾತ್ರಿ ಗೊತ್ತಿಲ್ಲ. ಮಧ್ಯಾಹ್ನ ಉತ್ಪಾದನೆ ಇಳಿದು ಬೆಳಗಿನ ಜಾವ ಏರುತ್ತಿದ್ದರೆ ಕೂಲಿಂಗ್ ವಾಟರ್ ಕಡೆ ಹೋಗಿ.

ರಿಯಾಕ್ಟರ್‌ನಿಂದ ಬಂದ ಅನಿಲ ತಣಿದು, ಮೆಥನಾಲ್ ಸೆಪರೇಟರ್‌ನಲ್ಲಿ ಇಳಿಯಬೇಕು. ಉಳಿದದ್ದು ರಿಸೈಕಲ್ ಆಗಿ ವಾಪಸ್ ರಿಯಾಕ್ಟರ್‌ಗೆ. ಸೆಪರೇಟರ್ 40 ಡಿಗ್ರಿಯಿಂದ 50 ಡಿಗ್ರಿಗೆ ಹೋದರೆ ಮೆಥನಾಲ್‌ನ ಆವಿ ಒತ್ತಡ ಒಂದೂವರೆ ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಅಷ್ಟು ಮೆಥನಾಲ್ ಮತ್ತೆ ಬೆಡ್‌ಗೆ ಹೋಗಿ ಕೂರುತ್ತದೆ, ಹೊಸದು ಹುಟ್ಟಲು ಅಡ್ಡಿ ಮಾಡುತ್ತದೆ. ನಮ್ಮ ದೇಶದ ಏಪ್ರಿಲ್, ಮೇ ತಿಂಗಳಲ್ಲಿ ಇದು ಮಾಮೂಲಿ ದೂರು.

ಸೆಪರೇಟರ್ ತಣ್ಣಗೇ ಇದ್ದು ರಿಯಾಕ್ಟರ್ ಇನ್‌ಲೆಟ್‌ನಲ್ಲಿ ಮೆಥನಾಲ್ ಜಾಸ್ತಿ ಕಂಡರೆ ಡಿಮಿಸ್ಟರ್ (ದ್ರವದ ಹನಿ ತಡೆಯುವ ಜಾಲರಿ) ಹರಿದಿರಬಹುದು, ಅಥವಾ ಲೆವೆಲ್ ಟ್ರಾನ್ಸ್‌ಮಿಟರ್ ತಪ್ಪು ತೋರಿಸಿ ದ್ರವ ಮೇಲಕ್ಕೆ ಹಾರುತ್ತಿರಬಹುದು. ಕಂಪ್ರೆಸರ್‌ಗೂ ಇದು ಒಳ್ಳೆಯದಲ್ಲ.

ಇಂಟರ್‌ಚೇಂಜರ್ ಸೋರಿಕೆ

ಒಳಹೋಗುವ ಅನಿಲವನ್ನು ಹೊರಬರುವ ಅನಿಲದಿಂದ ಬಿಸಿ ಮಾಡುವ ಎಕ್ಸ್‌ಚೇಂಜರ್‌ನಲ್ಲಿ ಒಳಹೋಗುವ ಕಡೆಯ ಪ್ರೆಶರ್ ಜಾಸ್ತಿ. ಟ್ಯೂಬ್ ತೂತಾದರೆ ಹಸಿ ಅನಿಲ ರಿಯಾಕ್ಟರ್‌ಗೆ ಹೋಗದೆ ಅಡ್ಡದಾರಿಯಲ್ಲಿ ನೇರ ಹೊರಗೆ ಬಂದುಬಿಡುತ್ತದೆ. ಎಕ್ಸ್‌ಚೇಂಜರ್ ದಾಟಿದ ನಂತರದ ಅನಲೈಸರ್ ನೋಡಿದವರಿಗೆ ಪರಿವರ್ತನೆ ಇಳಿದಿದೆ ಅನ್ನಿಸುತ್ತದೆ.

ಪರೀಕ್ಷೆ ಸರಳ. ಅನಿಲ ರಿಯಾಕ್ಟರ್‌ನಿಂದ ಹೊರಬರುವ ಬಾಯಲ್ಲೇ, ಎಕ್ಸ್‌ಚೇಂಜರ್‌ಗೆ ಮೊದಲು ಒಂದು ಸ್ಯಾಂಪಲ್. ಎಕ್ಸ್‌ಚೇಂಜರ್ ದಾಟಿದ ಮೇಲೆ ಇನ್ನೊಂದು. ಸ್ಯಾಂಪಲ್ ಲೈನ್ ಬಿಸಿಯಾಗಿಯೇ ಇರಲಿ, ತಣಿದರೆ ಮೆಥನಾಲ್ ಅಲ್ಲೇ ಇಳಿದು ಅಂಕಿ ಕೆಡುತ್ತದೆ. ಎರಡರಲ್ಲೂ ಕಾರ್ಬನ್ ಮಾನಾಕ್ಸೈಡ್ ಒಂದೇ ಇದ್ದರೆ ಸೋರಿಕೆ ಇಲ್ಲ. ಎರಡನೆಯದರಲ್ಲಿ ಜಾಸ್ತಿ ಇದ್ದರೆ ಕ್ಯಾಟಲಿಸ್ಟ್ ನಿರಪರಾಧಿ.

ಬೆಡ್ ತಾಪಮಾನ ಓದುವುದು

ಇಷ್ಟೆಲ್ಲ ಸರಿ ಇದ್ದರೆ ಈಗ ರಿಯಾಕ್ಟರ್ ಒಳಗೆ ನೋಡುವ ಸಮಯ. ಕೆಲವೇ ಟ್ಯೂಬ್‌ಗಳಲ್ಲಿ ಮೇಲಿಂದ ಕೆಳಗಿನವರೆಗೆ ಹಲವು ಬಿಂದುಗಳ ಥರ್ಮೋಕಪಲ್ ಇರುತ್ತದೆ. ಆ ರೀಡಿಂಗ್‌ಗಳನ್ನು ಆಳದ ಎದುರು ಗೆರೆ ಹಾಕಿ. ಹೊಸ ಕ್ಯಾಟಲಿಸ್ಟ್ ಇದ್ದಾಗಿನ ಗೆರೆ, ಆರು ತಿಂಗಳ ಹಿಂದಿನದು, ಇವತ್ತಿನದು, ಮೂರೂ ಒಂದೇ ಹಾಳೆ ಮೇಲೆ ಬರಲಿ.

ಹೊಸ ಬೆಡ್‌ನಲ್ಲಿ ಅನಿಲ ಒಳಬಂದ ಸ್ವಲ್ಪ ಆಳದಲ್ಲೇ ತಾಪಮಾನ ಚಿಮ್ಮಿ ಒಂದು ಗುಡ್ಡ ಕಾಣುತ್ತದೆ. ಆಮೇಲೆ ನೀರಿನ ತಾಪಮಾನದ ಹತ್ತಿರ ಇಳಿಯುತ್ತದೆ. ಸಹಜವಾಗಿ ವಯಸ್ಸಾದರೆ ಆ ಗುಡ್ಡ ತಿಂಗಳು ತಿಂಗಳು ತಗ್ಗುತ್ತದೆ, ಅಗಲವಾಗುತ್ತದೆ, ಸ್ವಲ್ಪ ಕೆಳಗೆ ಸರಿಯುತ್ತದೆ. ಎಲ್ಲ ಟ್ಯೂಬ್‌ಗಳಲ್ಲೂ ಒಂದೇ ರೀತಿ. ಇದು ತಾಮ್ರದ ಸಣ್ಣ ಕಣಗಳು ಒಂದಕ್ಕೊಂದು ಕೂಡಿ ದಪ್ಪವಾಗುವ ಸಿಂಟರಿಂಗ್.

ಕ್ಯಾಟಲಿಸ್ಟ್‌ಗೆ ವಿಷ (ಗಂಧಕ, ಕ್ಲೋರಿನ್‌ನಂಥದ್ದು) ಬಿದ್ದಿದ್ದರೆ ಗೆರೆ ಬೇರೆ. ಮೇಲಿನ ಭಾಗ ಚಪ್ಪಟೆ, ಏನೂ ನಡೆಯುತ್ತಿಲ್ಲ. ಅದರ ಕೆಳಗೆ ಗುಡ್ಡ ಹೆಚ್ಚುಕಡಿಮೆ ಮೊದಲಿನ ಎತ್ತರದಲ್ಲೇ ಇದೆ. ವಾರ ವಾರ ಇಡೀ ಗುಡ್ಡ ಹಾಗೇ ಕೆಳಗೆ ಜಾರುತ್ತಿದ್ದರೆ ವಿಷ ಇನ್ನೂ ಬರುತ್ತಿದೆ. ಜಾರಿ ನಿಂತಿದ್ದರೆ ಒಮ್ಮೆ ಬಂದು ಹೋಗಿದೆ. ಈ ಎರಡಕ್ಕೆ ಚಿಕಿತ್ಸೆ ಬೇರೆ ಬೇರೆ, ಅದಕ್ಕೇ ಹಳೆಯ ಗೆರೆಗಳು ಬೇಕೇ ಬೇಕು ಅನ್ನುವುದು.

ಒಂದೇ ಆಳದಲ್ಲಿ ಒಂದು ಟ್ಯೂಬ್ ಬಿಸಿ, ಇನ್ನೊಂದು ತಣ್ಣಗಿದ್ದರೆ ಅನಿಲ ಸಮನಾಗಿ ಹಂಚಿಲ್ಲ, ಅಥವಾ ತುಂಬುವಾಗ ಟ್ಯೂಬ್‌ಗಳ ಪ್ಯಾಕಿಂಗ್ ಸಮ ಇರಲಿಲ್ಲ. ಕ್ವೆಂಚ್ ರಿಯಾಕ್ಟರ್‌ನಲ್ಲಿ ಇದು ಇನ್ನೂ ಹೆಚ್ಚು. ತಣ್ಣನೆಯ ಅನಿಲ ಸರಿಯಾಗಿ ಬೆರೆಯದಿದ್ದರೆ ಒಂದು ಮೂಲೆ ಸುಡುತ್ತಿರುತ್ತದೆ, ಇನ್ನೊಂದು ಮೂಲೆ ನಿದ್ದೆ ಮಾಡುತ್ತಿರುತ್ತದೆ.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ಔಟ್‌ಲೆಟ್ ಅನಿಲದ ಸಂಯೋಜನೆ ಯಾವ ತಾಪಮಾನದ ಸಮತೋಲನಕ್ಕೆ ಹೊಂದುತ್ತದೆ ಅಂತ ಲೆಕ್ಕ ಹಾಕಿ, ಅದರಿಂದ ನಿಜವಾದ ಔಟ್‌ಲೆಟ್ ತಾಪಮಾನ ಕಳೆಯಿರಿ. ಅಂತರ ಕಡಿಮೆ ಇದ್ದರೆ ಕ್ಯಾಟಲಿಸ್ಟ್ ತನ್ನಿಂದಾದಷ್ಟೂ ಮಾಡುತ್ತಿದೆ. ಅಂಥ ಸ್ಥಿತಿಯಲ್ಲಿ ಡ್ರಮ್ ಪ್ರೆಶರ್ ಏರಿಸಿದರೆ ಉತ್ಪಾದನೆ ಇಳಿಯುತ್ತದೆ, ಯಾಕೆಂದರೆ ಮೆಥನಾಲ್‌ನ ಸಮತೋಲನಕ್ಕೆ ಬಿಸಿ ಆಗಿಬರದು. ಅಂತರ ತಿಂಗಳುಗಳಿಂದ ಬೆಳೆಯುತ್ತಾ ಬಂದಿದ್ದರೆ ಮಾತ್ರ ಚಟುವಟಿಕೆ ಕುಗ್ಗಿದೆ ಅನ್ನಿ.

ವಿಷ ಎಲ್ಲಿಂದ?

ಎಲ್ಲರೂ ಮೊದಲು ಹೆಸರಿಸುವುದು ಗಂಧಕವನ್ನು. ನೈಸರ್ಗಿಕ ಅನಿಲದ ಪ್ಲಾಂಟ್‌ನಲ್ಲಿ ನನಗೆ ಅದರ ಮೇಲೆ ಅನುಮಾನ ಕಡಿಮೆ. ಗಂಧಕ ಹಿಡಿಯಲೆಂದೇ ಮುಂಚೆ ಇಟ್ಟಿರುವ ಸತು ಆಕ್ಸೈಡ್ ಬೆಡ್ ದಾಟಿ ಅದು ಬಂದರೆ ಮೊದಲು ಪೆಟ್ಟು ತಿನ್ನುವುದು ರಿಫಾರ್ಮರ್‌ನ ನಿಕ್ಕಲ್ ಕ್ಯಾಟಲಿಸ್ಟ್. ರಿಫಾರ್ಮರ್ ಟ್ಯೂಬ್‌ಗಳು ಆರೋಗ್ಯವಾಗಿದ್ದು, ಮೀಥೇನ್ ಸ್ಲಿಪ್ (ಒಡೆಯದೆ ಉಳಿದು ಬರುವ ಮೀಥೇನ್) ಏರಿಲ್ಲದಿದ್ದರೆ ಗಂಧಕ ಅಲ್ಲಿಂದ ಬಂದಿಲ್ಲ. ಕಂಪ್ರೆಸರ್ ಆಯಿಲ್ ಸೀಲ್ ಮಾತ್ರ ಒಮ್ಮೆ ನೋಡಿ.

ಕ್ಲೋರಿನ್ ಹೆಚ್ಚು ಅಪಾಯ. ಗಂಧಕವನ್ನು ಕ್ಯಾಟಲಿಸ್ಟ್‌ನಲ್ಲಿರುವ ಸತು ಸ್ವಲ್ಪ ಮಟ್ಟಿಗೆ ಹಿಡಿದುಕೊಳ್ಳುತ್ತದೆ, ಕ್ಲೋರಿನ್‌ಗೆ ಅಂಥ ಕಾವಲಿಲ್ಲ. ತಾಮ್ರ ಮತ್ತು ಸತುವಿನ ಕ್ಲೋರೈಡ್‌ಗಳು ಕಡಿಮೆ ತಾಪಮಾನದಲ್ಲೇ ಕರಗುವಂಥವು. ಸತು ಕ್ಲೋರೈಡ್ ಸುಮಾರು 290 ಡಿಗ್ರಿಗೇ ಕರಗುತ್ತದೆ. ಇವು ಇದ್ದಲ್ಲಿ ತಾಮ್ರದ ಕಣಗಳು ಸುಲಭವಾಗಿ ಜಾರಿ ಕೂಡಿಕೊಳ್ಳುತ್ತವೆ. ಪ್ರೊಸೆಸ್ ಸ್ಟೀಮ್ ಜೊತೆ ಹಾರಿ ಬಂದ ಬಾಯ್ಲರ್ ನೀರು, ಶಟ್‌ಡೌನ್‌ನಲ್ಲಿ ಬಳಸಿದ ಕ್ಲೋರಿನ್ ಇರುವ ಕ್ಲೀನಿಂಗ್ ದ್ರಾವಕ, ಸಮುದ್ರದ ಪಕ್ಕದ ಪ್ಲಾಂಟ್‌ನಲ್ಲಿ ಉಪ್ಪುಗಾಳಿ, ಇವನ್ನು ವಿಚಾರಿಸಿ.

ಮೂರನೆಯದು ಕಾರ್ಬನೈಲ್‌ಗಳು. ಕಾರ್ಬನ್ ಮಾನಾಕ್ಸೈಡ್ ಹೆಚ್ಚಿರುವ ಅನಿಲ ನೂರು, ನೂರೈವತ್ತು ಡಿಗ್ರಿಯಲ್ಲಿ ಕಾರ್ಬನ್ ಸ್ಟೀಲ್ ಪೈಪ್ ಮೇಲೆ ಹರಿದರೆ ಕಬ್ಬಿಣದ ಕಾರ್ಬನೈಲ್ ಆಗಿ ಲೋಹವನ್ನೇ ಹೊತ್ತು ತರುತ್ತದೆ. ಬೆಡ್‌ನ ಬಿಸಿಗೆ ಅದು ಒಡೆದು ಕಬ್ಬಿಣ ಕ್ಯಾಟಲಿಸ್ಟ್ ಮೇಲೆ ಕೂರುತ್ತದೆ. ಕಬ್ಬಿಣ ಕೂತರೆ ಮೇಣ ಹುಟ್ಟುತ್ತದೆ, ನಿಕ್ಕಲ್ ಕೂತರೆ ಮೀಥೇನ್.

ಕಲ್ಲಿದ್ದಲು ಪ್ಲಾಂಟ್‌ನಲ್ಲಿ ಈ ಪಟ್ಟಿಗೆ ಆರ್ಸೆನಿಕ್, ಫಾಸ್ಫರಸ್ ಸೇರುತ್ತವೆ. ಹೈದರಾಬಾದಿನಲ್ಲಿ ಸರ್ಕಾರಿ ಕಂಪನಿ ಬಿಎಚ್‌ಇಎಲ್ ನಮ್ಮ ಬೂದಿ ಜಾಸ್ತಿ ಇರುವ ಕಲ್ಲಿದ್ದಲಿನಿಂದ ದಿನಕ್ಕೆ 0.25 ಟನ್ ಮೆಥನಾಲ್ ಮಾಡಿ ತೋರಿಸಿದೆ. ಅಂಥದ್ದು ದೊಡ್ಡದಾಗಿ ಬೆಳೆದರೆ ಅನಿಲ ಶುದ್ಧಿಯೇ ಅರ್ಧ ಕೆಲಸ.

ಕ್ರೂಡ್ ನೋಡಿ, ಮೂಸಬೇಡಿ

ಗಾಜಿನ ಸಿಲಿಂಡರ್‌ನಲ್ಲಿ ಕ್ರೂಡ್ ಹಿಡಿದು ಡಿಸ್ಟಿಲ್ಡ್ ವಾಟರ್ ಬೆರೆಸಿ. ತಿಳಿಯಾಗಿಯೇ ಉಳಿದರೆ ಸರಿ. ಹಾಲಿನಂತೆ ಮಂಜಾದರೆ ನೀರಿನಲ್ಲಿ ಬೆರೆಯದ ಹೈಡ್ರೋಕಾರ್ಬನ್ ಇದೆ. ಕಂಡೆನ್ಸರ್ ಟ್ಯೂಬ್ ಮೇಲೆ ಮೇಣವೂ ಕೂತಿರಬಹುದು. ಕಬ್ಬಿಣದ ಕಡೆ ಅನುಮಾನಪಡಿ.

ಲ್ಯಾಬ್‌ನವರು ಮೀನಿನ ವಾಸನೆ ಬರುತ್ತಿದೆ ಅಂದರೆ ಟ್ರೈಮೀಥೈಲ್ ಅಮೈನ್. ಮೇಕಪ್ ಗ್ಯಾಸ್‌ನಲ್ಲಿ ಅಮೋನಿಯಾ ಬರುತ್ತಿದೆ ಅಂತ ಅರ್ಥ. ವಾಸನೆ ತಾನಾಗಿ ಬಂದರೆ ಬರಲಿ, ಬಾಟಲಿಗೆ ಮೂಗು ಹಿಡಿಯಬೇಡಿ. ಮೆಥನಾಲ್ ಆವಿಯೂ ವಿಷವೇ. ಅದರ ಬೆಂಕಿ ಹಗಲು ಬೆಳಕಲ್ಲಿ ಕಣ್ಣಿಗೆ ಕಾಣುವುದಿಲ್ಲ.

ಪ್ರೆಶರ್ ಡ್ರಾಪ್ ಏರಿದರೆ

ಡ್ರಾಪ್ ಅಂದರೆ ಅನಿಲ ಹಾದುಹೋಗುವಾಗ ಕಳೆದುಕೊಳ್ಳುವ ಪ್ರೆಶರ್. ಇದಕ್ಕೆ ಹೆಚ್ಚು ಮಾತು ಬೇಡ. ಫ್ಲೋ ಜಾಸ್ತಿಯಾದರೂ ಡ್ರಾಪ್ ಏರುತ್ತದೆ, ಆದ್ದರಿಂದ ಒಂದೇ ಫ್ಲೋಗೆ ತಂದು ಹೋಲಿಸಿ. ಗೇಜ್ ಹಿಡಿದು ಲೂಪ್ ಸುತ್ತ ಬಿಡಿಬಿಡಿಯಾಗಿ ಅಳೆಯಿರಿ. ರಿಯಾಕ್ಟರ್ ಅಂದುಕೊಂಡದ್ದು ಎಷ್ಟೋ ಸಲ ಮೇಣ ಕಟ್ಟಿದ ಕಂಡೆನ್ಸರ್ ಆಗಿರುತ್ತದೆ. ಒಂದು ಟ್ರಿಪ್ (ಪ್ಲಾಂಟ್ ಹಠಾತ್ತಾಗಿ ನಿಲ್ಲುವುದು) ಆದ ಕೂಡಲೇ ರಿಯಾಕ್ಟರ್‌ನಲ್ಲೇ ಡ್ರಾಪ್ ಹಾರಿದರೆ ಮಾತ್ರೆಗಳು ಪುಡಿಯಾಗಿವೆ. ಬಹುಶಃ ಬೆಡ್ ಮೇಲೆ ನೀರು ಇಳಿದಿದೆ.

ರಿಯಾಕ್ಟರ್ ಟ್ಯೂಬ್ ಸೋರಿಕೆ

ಓಡುವಾಗ ಲೂಪ್ ಪ್ರೆಶರ್ ಡ್ರಮ್‌ಗಿಂತ ಜಾಸ್ತಿ. ಹಾಗಾಗಿ ಅನಿಲ ನೀರಿಗೆ ಸೋರುತ್ತದೆ. ಡ್ರಮ್ ನೀರಿನ ಪಿಎಚ್ ಇಳಿಯುವುದು, ಕಂಡಕ್ಟಿವಿಟಿ ಏರುವುದು, ತಣಿಸಿದ ಸ್ಟೀಮ್ ಸ್ಯಾಂಪಲ್‌ನಲ್ಲಿ ಹೈಡ್ರೋಜನ್ ಅಥವಾ ಮಾನಾಕ್ಸೈಡ್ ಸಿಗುವುದು, ಇವು ಗುರುತು. ಅಪಾಯ ಇರುವುದು ನಿಲ್ಲಿಸುವಾಗ. ಲೂಪ್ ಪ್ರೆಶರನ್ನು ಮೊದಲು ಬಿಟ್ಟುಬಿಟ್ಟರೆ ದಿಕ್ಕು ತಿರುಗಿ ನೀರು ಕ್ಯಾಟಲಿಸ್ಟ್ ಮೇಲೆ ಬರುತ್ತದೆ. ಸೋರಿಕೆ ಅನುಮಾನ ಇದ್ದರೆ ಡ್ರಮ್ ಪ್ರೆಶರ್ ಯಾವಾಗಲೂ ಲೂಪ್‌ಗಿಂತ ಕೆಳಗಿರುವಂತೆ ನೋಡಿಕೊಂಡು ಇಳಿಸಿ.

ಎಲ್ಲ ನೋಡಿ ಆಯಿತು, ಕ್ಯಾಟಲಿಸ್ಟ್‌ಗೇ ವಯಸ್ಸಾಗಿದೆ

ಆಗ ಡ್ರಮ್ ಪ್ರೆಶರ್ ಏರಿಸಿ, ಆದರೆ ಒಂದು ಬಾರ್‌ಗಿಂತ ಹೆಚ್ಚಿಲ್ಲ. ಲೂಪ್ ಸ್ಥಿರವಾಗಲು ಬಿಡಿ, ಗೆರೆ ಮತ್ತೆ ಹಾಕಿ, ಉತ್ಪಾದನೆ ಏರದಿದ್ದರೆ ವಾಪಸ್ ಇಳಿಸಿ. ಗುಡ್ಡದ ತುದಿ 270 ದಾಟಲು ಬಿಡಬೇಡಿ, ಅಲ್ಲಿಂದ ಮೇಲೆ ಸಿಂಟರಿಂಗ್ ಜೋರು. ಒಳ್ಳೆಯ ಅನಿಲದಲ್ಲಿ ಈ ಕ್ಯಾಟಲಿಸ್ಟ್ ಮೂರರಿಂದ ಐದು ವರ್ಷ ಬಾಳುತ್ತದೆ. ಒಂದೂವರೆ ವರ್ಷಕ್ಕೇ ಈ ಹಂತಕ್ಕೆ ಬಂದಿದ್ದರೆ ಮೇಲಿನ ಯಾವುದೋ ದೋಷ ತಪ್ಪಿಸಿಕೊಂಡಿದೆ, ಮತ್ತೆ ಹುಡುಕಿ.

ಬದಲಾಯಿಸುವುದೇ ಅಂತ ಆದರೆ, ರಿಯಾಕ್ಟರ್ 200 ಡಿಗ್ರಿಗಿಂತ ಕೆಳಗೆ ತಣಿಯುವ ಮೊದಲೇ ನೈಟ್ರೋಜನ್‌ನಿಂದ ಕಾರ್ಬನ್ ಮಾನಾಕ್ಸೈಡ್ ಪೂರ್ತಿ ಹೊರಹಾಕಿ. ಇಲ್ಲದಿದ್ದರೆ ತಣಿಯುವಾಗ ನಿಕ್ಕಲ್ ಕಾರ್ಬನೈಲ್ ಹುಟ್ಟಬಹುದು. ಅದು ಪ್ರಾಣ ತೆಗೆಯುವ ವಿಷ. ರಿಡ್ಯೂಸ್ ಆಗಿರುವ (ಆಕ್ಸಿಜನ್ ಕಳೆದುಕೊಂಡಿರುವ) ತಾಮ್ರ ಗಾಳಿ ತಾಗಿದರೆ ತಾನಾಗಿಯೇ ಕೆಂಡವಾಗುತ್ತದೆ, ಆದ್ದರಿಂದ ಇಳಿಸುವುದು ನೈಟ್ರೋಜನ್‌ನಲ್ಲೇ ಆಗಲಿ, ಅಥವಾ ಮೊದಲು ನಿಧಾನವಾಗಿ ಗಾಳಿ ಕೊಟ್ಟು ಆಕ್ಸಿಡೈಸ್ ಮಾಡಿ.

ಇಳಿಸುವಾಗ ಎಲ್ಲವನ್ನೂ ಒಂದೇ ರಾಶಿ ಹಾಕಬೇಡಿ. ಕೆಲವು ಟ್ಯೂಬ್‌ಗಳಿಂದ ಮೇಲಿನ, ನಡುವಿನ, ಕೆಳಗಿನ ಭಾಗದ ಸ್ಯಾಂಪಲ್‌ಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಆಳ ಬರೆಯಿರಿ. ಗಂಧಕ, ಕ್ಲೋರಿನ್, ಕಬ್ಬಿಣ, ನಿಕ್ಕಲ್, ತಾಮ್ರದ ಕಣಗಾತ್ರ ಅಳೆಸಿ. ಮೇಲಿನ ಡಬ್ಬಿಯಲ್ಲಿ ಮಾತ್ರ ಕ್ಲೋರಿನ್ ಸಿಕ್ಕರೆ, ಹೊಸ ಕ್ಯಾಟಲಿಸ್ಟ್ ತುಂಬುವ ಮೊದಲು ಆ ಮೂಲ ಮುಚ್ಚಿ.